ಕದಿರಮ್ಮನ ಹೋಟೆಲಿನ ಮೂರು ಏಟು

ಬಂಗಾರಪೇಟೆ ರೈಲ್ವೆ ನಿಲ್ದಾಣದ ಎದುರಿನ ಕದಿರಮ್ಮನ ಹೋಟೆಲಿನಲ್ಲಿ ಬೆಳಿಗ್ಗೆ ಐದೂಮುಕ್ಕಾಲಿಗೆ ಇಡ್ಲಿ ಬೆಂದಿರುತ್ತದೆ, ಸಾಂಬಾರು ಇಳಿದಿರುತ್ತದೆ, ಬೆಂಗಳೂರಿನ ರೈಲು ಹಿಡಿಯುವವರು ಬೆಂಚಿನ ಮೇಲೆ ಕುಳಿತಿರುತ್ತಾರೆ. ಆದರೂ ಯಾರ ತಟ್ಟೆಗೂ ಏನೂ ಬೀಳುವುದಿಲ್ಲ. ಮೊದಲು ಮಾಲೀಕ ಕೋದಂಡಪ್ಪನವರು ಸಾಂಬಾರಿನ ಒಂದು ತೊಟ್ಟನ್ನು ಎಡ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಬೇಕು. ಸರಿ ಎನಿಸಿದರೆ ಬಾಗಿಲ ಬಳಿ ತೂಗುಹಾಕಿದ ಹಳಿಯ ತುಂಡಿಗೆ ಸೌಟಿನಿಂದ ಮೂರು ಏಟು ಹೊಡೆಯಬೇಕು. ಆಮೇಲೆ ಬಡಿಸುವುದು.

ಈ ಪದ್ಧತಿ ಅವರ ತಾಯಿ ಕದಿರಮ್ಮನದು. ಆಕೆ ಉರಿಗಾಂನಲ್ಲಿ ಚಿನ್ನದ ಗಣಿಯ ಗೇಟಿನೆದುರು ತಗಡಿನ ಚಪ್ಪರದಡಿ ಹೋಟೆಲು ಇಟ್ಟಾಗ ಗಿರಾಕಿಗಳೆಲ್ಲ ಮೊದಲ ಪಾಳಿಗೆ ಇಳಿಯುವವರು. ಗಂಟೆ ಬಾರಿಸದೆ, ಆಳುಗಳನ್ನು ಹೊತ್ತ ಕೇಜು ಗಣಿಯೊಳಗೆ ಇಳಿಯುವಂತಿರಲಿಲ್ಲ. ಕೇಜಿಗಿರುವ ಮರ್ಯಾದೆ ತನ್ನ ಇಡ್ಲಿಗೂ ಇರಲಿ ಎಂದು ಆಕೆ ಹಳಿಯ ತುಂಡೊಂದನ್ನು ಸಂಪಾದಿಸಿದರು. ರುಚಿ ನೋಡಿದವರೇ ಏಟು ಹೊಡೆಯಬೇಕೆಂಬುದು ನಿಯಮ. ಇನ್ನೊಂದು ನಿಯಮ: ಮೇಜಿನ ಮೇಲೆ ಉಪ್ಪಿನ ಬಟ್ಟಲು ಇಡಕೂಡದು. ಅದು ಅಡುಗೆಯವರಿಗೆ ಅವಮಾನ.

ಗಣಿ ಮುಚ್ಚಿದ ಮೇಲೆ ಹೋಟೆಲು ಬಂಗಾರಪೇಟೆಗೆ ಬಂತು. ಹಳಿಯ ತುಂಡೂ ಬಂತು. ತಾಯಿಯ ನಂತರ ಕೋದಂಡಪ್ಪ ಒಂದು ದಿನವೂ ಏಟು ತಪ್ಪಿಸಿಲ್ಲ. ಮಗ ಅಂಬರೀಶನ ಮದುವೆಯ ದಿನ ಅವರು ಛತ್ರಕ್ಕೆ ನಲವತ್ತು ನಿಮಿಷ ತಡವಾಗಿ ಬಂದದ್ದೂ ಈ ಕಾರಣಕ್ಕೇ. ಗಣಿಯೂರು ಚಾಂಪಿಯನ್ ರೀಫ್ಸ್‌ನಿಂದ ಬಂದ ಸೊಸೆ ಸೆಲ್ವಿ ಆ ನಲವತ್ತು ನಿಮಿಷವನ್ನು ಇನ್ನೂ ಮರೆತಿಲ್ಲ.

ಕಳೆದ ಜನವರಿಯಲ್ಲಿ ಕೋದಂಡಪ್ಪನವರಿಗೆ ಜ್ವರ ಬಂತು. ಐದು ದಿನಕ್ಕೆ ಜ್ವರ ಹೋಯಿತು. ಅದರ ಜೊತೆ ನಾಲಿಗೆಯ ರುಚಿಯೂ ಹೋಯಿತು. ಉಪ್ಪಿಗೂ ರವೆಗೂ ವ್ಯತ್ಯಾಸ ತಿಳಿಯದು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ರುಚಿ ತಿಳಿಯದವರು ಏಟು ಹೊಡೆಯುವಂತಿಲ್ಲ. ಏಟು ಹೊಡೆಯದ ಕೋದಂಡಪ್ಪ ಆ ಹೋಟೆಲಿನಲ್ಲಿ ಬರೀ ಒಬ್ಬ ಮುದುಕ.

ಹಾಗಾಗಿ ಒಂದು ಉಪಾಯ ಮಾಡಿದರು. ದಿನವೂ ಮೊದಲು ಬಂದು ಕೂರುವವರು ಸುಬ್ರಮಣಿ, ಗಣಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. “ನೀನು ನಮ್ಮವ್ವನ ಕಾಲದ ಗಿರಾಕಿ, ಮೊದಲ ತೊಟ್ಟು ನಿಂದೇ” ಎಂದು ಕೋದಂಡಪ್ಪ ಅವರ ಅಂಗೈಗೂ ಸಾಂಬಾರು ಬಿಡತೊಡಗಿದರು. ಗೌರವಕ್ಕೆ ಸುಬ್ರಮಣಿ ಉಬ್ಬಿದರು. ಕೋದಂಡಪ್ಪ ಅವರ ಮುಖ ನೋಡುವರು. ಹುಬ್ಬು ಏರಿದರೆ ಉಪ್ಪು ಹೆಚ್ಚು, ತುಟಿ ಇಳಿದರೆ ಕಡಿಮೆ, ಎರಡೂ ಅಲುಗದಿದ್ದರೆ ಸರಿ. ಮೂರು ವಾರ ಈ ಮಾಪನ ತಪ್ಪಲಿಲ್ಲ.

ಆಮೇಲೆ ಹುಬ್ಬು ದಿನವೂ ಏರತೊಡಗಿತು. ಕೋದಂಡಪ್ಪ ದಿನವೂ ಉಪ್ಪು ಇಳಿಸಿದರು. ಮಾರ್ಚ್ ಬರುವಷ್ಟರಲ್ಲಿ ರೈಲಿನವರು ಚಟ್ನಿಯನ್ನು ಎರಡೆರಡು ಸಲ ಕೇಳುತ್ತಿದ್ದರು. ಒಂದು ಬೆಳಿಗ್ಗೆ ಪ್ರತಿ ಮೇಜಿನ ಮೇಲೂ ಉಪ್ಪಿನ ಒಂದೊಂದು ಸ್ಟೀಲ್ ಬಟ್ಟಲು ಕಾಣಿಸಿತು.

“ಯಾರಮ್ಮ ಇದನ್ನ ಇಟ್ಟಿದ್ದು?” ಕೋದಂಡಪ್ಪ ಬಟ್ಟಲೊಂದನ್ನು ಎತ್ತಿ ಹಿಡಿದು ಸೆಲ್ವಿಯನ್ನು ಕೇಳಿದರು.

“ನಾನೇ ಮಾಮಾ. ಜನ ಕೇಳ್ತವ್ರೆ.”

“ನಮ್ಮವ್ವ ಇದ್ದಿದ್ರೆ ಬಟ್ಟಲು ಎತ್ತಿ ಬೀದಿಗೆ ಎಸೀತಿದ್ಲು!”

“ಅವ್ರು ಇದ್ದಿದ್ರೆ ಸಾಂಬಾರಿಗೆ ಉಪ್ಪು ಇರ್ತಿತ್ತು ಮಾಮಾ” ಎಂದು ಸೆಲ್ವಿ ಒಳಗೆ ಹೋದಳು.

ಮರುದಿನ ಸೆಲ್ವಿಯೇ ಸಾಂಬಾರು ಮಾಡಿದಳು. ಕೋದಂಡಪ್ಪ ತೊಟ್ಟು ನೆಕ್ಕಿ ತಲೆಯಾಡಿಸಿದರು, ಸುಬ್ರಮಣಿಯವರತ್ತ ತಿರುಗಿದರು. ಹುಬ್ಬು ಏರಲಿಲ್ಲ, ತುಟಿ ಇಳಿಯಲಿಲ್ಲ.

“ಇವತ್ತು ಬಲು ಪಸಂದಾಗೈತೆ ಕೋದಂಡಣ್ಣ!”

ಕೋದಂಡಪ್ಪ ಸೌಟು ಎತ್ತಿದರು. ಸೆಲ್ವಿ ಹಳಿಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡಳು.

“ಮಾಮಾ, ಇವತ್ತು ನಾನು ಉಪ್ಪೇ ಆಕಿಲ್ಲ.”

ಬೆಂಚಿನ ಮೇಲಿದ್ದ ಹನ್ನೊಂದು ಮಂದಿ ಫೋನಿನಿಂದ ತಲೆಯೆತ್ತಿದರು. ಮೊದಲು ಬಾಯಿಬಿಟ್ಟವರು ಸುಬ್ರಮಣಿ.

“ಬೀಪಿ ಕಣಣ್ಣ. ಡಾಕ್ಟ್ರು ಉಪ್ಪು ಬಿಡು ಅಂದವ್ರೆ. ಮನೇಲಿ ಒಂದೂವರೆ ತಿಂಗಳಿಂದ ಎಲ್ಲಾ ಸಪ್ಪೆ. ನಿನ್ ಸಾಂಬಾರು ನನ್ ಬಾಯಿಗೆ ಸಮುದ್ರ ಆಗೋಗಿತ್ತು. ಇದನ್ನ ನಿಂಗೆ ಏಳಿದ್ರೆ ಮೊದಲ ತೊಟ್ಟು ತಪ್ತದಲ್ಲ ಅಂತ ಸುಮ್ನಿದ್ದೆ. ಆದ್ರೆ ನಿನ್ ನಾಲಿಗೆಗೇನಾಗಿತ್ತು?”

ಕೋದಂಡಪ್ಪ ಸೌಟನ್ನು ನೋಡಿದರು. “ಜ್ವರದಲ್ಲೇ ಓಯ್ತು ಕಣಯ್ಯ” ಎಂದರು. “ನಿನ್ ಮುಖ ನೋಡ್ಕಂಡೇ ಓಟ್ಲು ನಡೆಸ್ತಿದ್ದೆ.”

“ಈ ಮುಖ ನೋಡ್ಕಂಡಾ? ಅದಕ್ಕೇ ಯಾಪಾರ ಇಂಗಾಗಿದ್ದು!” ಎಂದರು ಸುಬ್ರಮಣಿ. ಬೆಂಚು ನಕ್ಕಿತು. ಕೋದಂಡಪ್ಪ ನಗಲಿಲ್ಲ.

ಸೆಲ್ವಿ ನಗದೆ ಪಾತ್ರೆಗೆ ಉಪ್ಪು ಹಾಕಿ ಕದಡಿದಳು. ತನ್ನ ಎಡ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡಳು, ರುಚಿ ನೋಡಿದಳು, ಇನ್ನೊಂದು ಚಿಟಿಕೆ ಹಾಕಿದಳು. ಆಮೇಲೆ ಮಾವನ ಮುಂದೆ ನಿಂತಳು. ರೈಲಿಗೆ ಹನ್ನೆರಡು ನಿಮಿಷವಿತ್ತು. ರುಚಿ ನೋಡಿದವರೇ ಏಟು ಹೊಡೆಯಬೇಕು. ಕೋದಂಡಪ್ಪ ಸೌಟನ್ನು ಅವಳ ಕೈಗೆ ಕೊಟ್ಟರು.

ಅವಳ ಮೊದಲ ಏಟು ಮೆಲ್ಲಗಿತ್ತು. ಕೋದಂಡಪ್ಪ ಗದರಿದರು.

“ಏನಮ್ಮ ಅದು, ಬಾಗಿಲು ತಟ್ದಂಗೆ? ಚಾಂಪಿಯನ್ ರೀಫ್ಸ್‌ನಾಗೆ ನಿಮ್ಮಮ್ಮಂಗೆ ಕೇಳಿಸ್ಬೇಕು, ಒಡಿ!”

ಉಳಿದೆರಡು ಏಟಿಗೆ ಎದುರಿನ ಆಟೋದಲ್ಲಿ ನಿದ್ದೆ ಹೋಗಿದ್ದವನು ಎದ್ದು ಕುಳಿತ.

ಈಗ ಮೇಜುಗಳ ಮೇಲೆ ಬಟ್ಟಲಿಲ್ಲ. ಉಪ್ಪು ಬೀಳುವ ಮೊದಲೇ ಸುಬ್ರಮಣಿಯವರ ಪಾಲಿನ ಸಾಂಬಾರನ್ನು ತೆಗೆದಿಡುತ್ತಾರೆ. ಮೊದಲ ತೊಟ್ಟಿನ ಹಕ್ಕು ಅವರಿಗೆ ಹಾಗೆಯೇ ಉಳಿದಿದೆ. ಸೆಲ್ವಿ ದಿನವೂ ಏಟು ಹೊಡೆಯುತ್ತಾಳೆ. ಕೋದಂಡಪ್ಪ ಗಲ್ಲಾದ ಹಿಂದೆ ಕುಳಿತು, ಗೋಡೆ ಗಡಿಯಾರ ನೋಡಿಕೊಂಡು, ನಿನ್ನೆಗಿಂತ ಒಂದು ನಿಮಿಷ ತಡವಾಯಿತೆಂದು ಆಕ್ಷೇಪಿಸುತ್ತಾರೆ.

“ನಲವತ್ತು ನಿಮಿಷ ಆಗೋವರ್ಗೂ ತಡ್ಕೊಳ್ಳಿ ಮಾಮಾ” ಎನ್ನುತ್ತಾಳೆ ಸೆಲ್ವಿ.