ಪಡಸಾಲೆಯ ಗರುಡಪ್ಪ

ಮದುವೆಯಾಗಿ ಆಲಮೇಲದಿಂದ ಬಸವನ ಬಾಗೇವಾಡಿಗೆ ಬಂದ ಮೇಲೆ ನನಗೆ ಉಳಿದ ಆಕಾಶವೆಂದರೆ ಅಡುಗೆಮನೆಯ ಬೆಳಕಿಂಡಿಯಷ್ಟೇ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮ್ಯಾಟ್ರಿಕ್ ಪಾಸಾಗಿದ್ದೆ. "ಮಾಸ್ತರಕಿ ಟ್ರೇನಿಂಗಿಗೆ ಬಿಜಾಪುರಕ್ಕ ಕಳಸ್ತೇವ್ರಿ" ಎಂದು ಅಪ್ಪನಿಗೆ ಮಾತು ಕೊಟ್ಟಿದ್ದ ಮಾವ, ಅಕ್ಷತೆ ಬಿದ್ದ ಮೇಲೆ ಆ ಸುದ್ದಿಯನ್ನೇ ಎತ್ತಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನಾನು ಕೇಳಿದರೆ ಕೆಮ್ಮುತ್ತಿದ್ದರು.

ಪಡಸಾಲೆಯಲ್ಲಿ ಗಾಜು ಹಾಕಿದ ಹಳೆಯ ಪಟಗಳಿದ್ದವು. ಮಾವನ ತಂದೆ ಯಾರೋ ಬಿಳಿ ಸಾಹೇಬನ ಬಂಗಲೆಯಲ್ಲಿ ಜವಾನರಾಗಿದ್ದರಂತೆ. ಊರು ಬಿಡುವಾಗ ಸಾಹೇಬ ಕೊಟ್ಟು ಹೋದ ಪಟಗಳಂತೆ ಅವು. ಡೇಗೆ, ಗಿಡುಗ, ಹದ್ದು, ಬರೀ ಬೇಟೆಯ ಹಕ್ಕಿಗಳು. ಗರಿಯ ಗೆರೆ ಗೆರೆಯನ್ನೂ ಕೊರೆದು ಅಚ್ಚು ಹಾಕಿ, ಮೇಲೆ ಕೈಯಿಂದ ಬಣ್ಣ ತುಂಬಿದ್ದರು. ಕಾಗದ ಕಂದಿತ್ತು, ಕಣ್ಣುಗಳು ಕಂದಿರಲಿಲ್ಲ. ಧೂಳು ಒರೆಸುವುದು ನನ್ನ ಪಾಲು. ಅತ್ತೆ ಮಾತ್ರ ಶನಿವಾರ ಶನಿವಾರ ಎಲ್ಲಕ್ಕಿಂತ ದೊಡ್ಡ ಪಟದ ಗಾಜಿಗೆ ಕುಂಕುಮ ಹಚ್ಚಿ, "ಗರುಡಪ್ಪಾ" ಎಂದು ಕೈ ಮುಗಿಯುತ್ತಿದ್ದರು.

ಎಲ್ಲಿಯ ಗರುಡ! ಬೋಳು ಕತ್ತಿನ ರಣಹದ್ದು ಅದು. ಕೆಳಗೆ ಇಂಗ್ಲಿಷಿನಲ್ಲಿ ಹೆಸರೇ ಅಚ್ಚಾಗಿತ್ತು. ನಮ್ಮ ಕಡೆ ರಣಹದ್ದು ಬಂದು ಕೂತ ಮನೆಗೆ ಬೀಗ ಹಾಕಿ, ತಿಂಗಳುಗಟ್ಟಲೆ ಬೇರೆ ಕಡೆ ಇದ್ದು, ಶಾಂತಿ ಮಾಡಿಸಿಯೇ ಮರಳಬೇಕು. ಅಷ್ಟು ದಿನ ಸೊಸೆಯರು ತವರಿಗೆ. ನನ್ನ ತಲೆ ಓಡಿತು. ಪಟವೇ ಗರುಡನಾಗುವುದಾದರೆ ಪಟವೇ ರಣಹದ್ದೂ ಆಗಬೇಕಲ್ಲ? ಆಲಮೇಲ ಮುಟ್ಟಿದರೆ ಸಾಕು, ಅಪ್ಪ ನನ್ನನ್ನು ಟ್ರೇನಿಂಗಿಗೆ ಸೇರಿಸಿಯೇ ಬಿಡುತ್ತಿದ್ದ.

ಒಂದು ಶನಿವಾರ ಅತ್ತೆ ಕುಂಕುಮದ ಭರಣಿ ಹಿಡಿದು ನಿಂತಾಗ ಹೇಳಿಯೇಬಿಟ್ಟೆ. "ಅತ್ತೀ, ಅದು ಗರುಡ ಅಲ್ರಿ, ರಣಹದ್ದು. ಕೆಳಗ ಬರದೈತಿ ನೋಡ್ರಿ."

ಅತ್ತೆ ಹೊರಗಿನ ಕಟ್ಟೆಯತ್ತ ನೋಡಿದರು. ಮಾವ ಅಲ್ಲಿ ಕೂತಿದ್ದರು. ದನಿ ತಗ್ಗಿಸಿ ಅಂದರು, "ಗೊತ್ತೈತಿ. ಸತ್ತ ದನ ಒಗಿಯೂ ಕಡೆ ಇವನ್ನ ನೋಡಕೋತನ ಬೆಳದಾಕಿ ನಾ."

"ಮತ್ತ ಕುಂಕುಮ ಯಾಕ ಹಚ್ತೀರಿ?"

"ರಣಹದ್ದು ಅಂದ್ರ ಮನಿ ಬಿಡಬೇಕು. ನಿನಗ ಆಲಮೇಲ ಐತಿ. ನಮ್ಮವ್ವ ಹೋದ ಮ್ಯಾಲ ನನಗ ತವರ ಬಾಗಲಾ ಹಾಕೈತಿ. ನಾ ಎಲ್ಲಿಗೆ ಹೋಗ್ಲಿ?"

ನನಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಅಳು. ಬಿಜಾಪುರ ಅಲ್ಲೇ ಮುಗಿಯಿತೆಂದು ಗೊತ್ತಾಯಿತು.

ಅತ್ತೆಗೆ ಮೊಣಕಾಲು ಹಿಡಿದ ಮೇಲೆ ಶನಿವಾರದ ಕುಂಕುಮ ನನ್ನ ಪಾಲಿಗೆ ಬಂತು. ಕಟ್ಟೆಗೆ ಕೇಳುವ ಹಾಗೆ ಗಟ್ಟಿಯಾಗಿ "ಗರುಡಪ್ಪಾ" ಅನ್ನುತ್ತಿದ್ದೆ.