ತಿಪ್ಪೇರುದ್ರಪ್ಪ ಕೆತ್ತಿದ ಅಳಗುಳಿ ಮಣೆ

ಯಲ್ಲದಕೆರೆಯ ತಿಪ್ಪೇರುದ್ರಪ್ಪ ನಮ್ಮಜ್ಜಿ ಮರುಳಸಿದ್ದಮ್ಮನ ಒಬ್ಬನೇ ತಮ್ಮ. ನನಗೆ ಅಜ್ಜನಾಗಬೇಕು, ಗೌರವ ಕೊಟ್ಟೇ ಬರೆಯಬೇಕು. ಆದರೆ ಅವನ ಸಂಗತಿಯನ್ನೆಲ್ಲ ನಾನು ಕೇಳಿದ್ದು ಅಜ್ಜಿಯ ಬಾಯಿಂದ, ಅಜ್ಜಿಗೆ ಅವನು ಕೊನೆಯವರೆಗೂ ‘ನಮ್ಮ ತಿಪ್ಪ’ನೇ. ಹಾಗಾಗಿ ನಾನೂ ಏಕವಚನದಲ್ಲೇ ಹೇಳುತ್ತೇನೆ. ಅವನಿದ್ದಿದ್ದರೂ ಇದಕ್ಕೆಲ್ಲ ಬೇಸರ ಮಾಡಿಕೊಳ್ಳುವ ಆಸಾಮಿಯಲ್ಲ.

ಬಹಳ ಧಾರಾಳದ ಮನುಷ್ಯ. ಊಟದ ಹೊತ್ತಿಗೆ ಬಾಗಿಲಿಗೆ ಬಂದವರನ್ನು ಉಣ್ಣಿಸದೆ ಕಳಿಸಿದವನಲ್ಲ. ಪಕ್ಕದ ಹೊಲದವನು ಬದುವನ್ನು ಒಂದು ಗೇಣು ಒಳಗೆ ಒತ್ತಿದರೆ, ‘ಹೋಗ್ಲಿ ಬಿಡು, ಮಣ್ಣು ತಾನೆ’ ಎನ್ನುವವನು. ಆದರೆ ಆಟದಲ್ಲಿ ಸೋಲುವುದೆಂದರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ. ಅದರಲ್ಲೂ ಅಕ್ಕನ ಕೈಲಿ ಸೋಲುವುದು.

ಅಳಗುಳಿ ಮಣೆಯೆಂದರೆ ಒಂದು ಹಲಗೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೆ ಐದೈದು ಹುಣಸೆ ಬೀಜ. ಒಂದು ಗುಳಿಯ ಬೀಜ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೊನೆಗೆ ಯಾರ ಕೈಗೆ ಹೆಚ್ಚು ಬೀಜ ಸೇರುತ್ತವೋ ಅವರು ಗೆದ್ದಂತೆ. ಎದುರಿಗೆ ಕೂತವರ ಗುಳಿಯಲ್ಲಿ ಎಷ್ಟಿವೆ ಎಂಬುದನ್ನು ಕಣ್ಣಲ್ಲೇ ಎಣಿಸಬೇಕು, ಬೆರಳು ಹಾಕುವಂತಿಲ್ಲ. ನಮ್ಮಜ್ಜಿಯ ಕಣ್ಣು ಎಂಥದೆಂದು ಅವಳ ಮೊಮ್ಮಕ್ಕಳಾದ ನಮಗೆ ಚೆನ್ನಾಗಿ ಗೊತ್ತು. ಡಬ್ಬದಲ್ಲಿ ಒಂದು ಉಂಡೆ ಕಡಿಮೆಯಾದರೂ ದೂರದಿಂದಲೇ ಹೇಳುತ್ತಿದ್ದಳು.

ಮಾರಿಕಣಿವೆಯ ಅಣೆಕಟ್ಟೆ ಕೆಲಸ ಇನ್ನೂ ನಡೆಯುತ್ತಿದ್ದ ಕಾಲ. ಆ ವರ್ಷದ ಪಂಚಮಿಗೆ ತಿಪ್ಪೇರುದ್ರಪ್ಪ ಎಂದಿನಂತೆ ತಾನೇ ಗಾಡಿ ಕಟ್ಟಿಕೊಂಡು ಹೊಳಲ್ಕೆರೆಗೆ ಹೋಗಿ ಅಕ್ಕನನ್ನು ತವರಿಗೆ ಕರೆತಂದಿದ್ದ. ಹಬ್ಬದ ಮಧ್ಯಾಹ್ನ ಪಡಸಾಲೆಯಲ್ಲಿ ಆಟ ಶುರುವಾಯಿತು. ಅಕ್ಕ ಒಂದರ ಮೇಲೊಂದು ಆಟ ಗೆದ್ದಳು. ನಾಲ್ಕನೆಯದರಲ್ಲಿ ತಮ್ಮನ ಮಣಿಕಟ್ಟು ಹಿಡಿದು ಅಂಗೈ ಬಿಡಿಸಿದಳು. ಬೆರಳ ಸಂದಿಯಲ್ಲಿ ಎರಡು ಬೀಜ.

“ಬೆವರಿಗೆ ಅಂಟ್ಕಂಡವೆ,” ಎಂದ.

“ಶ್ರಾವಣದ ಥಂಡಿಯಾಗೆ ನಿನಗೊಬ್ಬನಿಗೇ ಬೆವರೇನೋ,” ಎಂದಳು ಅಕ್ಕ.

ಅಡುಗೆಮನೆಯಿಂದ ಅವನ ಹೆಂಡತಿ ಏಕಾಂತಮ್ಮ ಕಿಸಕ್ಕನೆ ನಕ್ಕಳು. ಆ ನಗುವೇ ಅವನನ್ನು ಕೆಡಿಸಿದ್ದು. ಎದ್ದವನೇ ಮಣೆಯನ್ನು ಎತ್ತಿಕೊಂಡು ಹೋಗಿ, ಉರಿಯುತ್ತಿದ್ದ ನೀರೊಲೆಗೆ ತುರುಕಿದ. ಅದು ಅವರ ಅವ್ವನ ಮಣೆ. ಅವ್ವ ಮದುವೆಯಾಗಿ ಬರುವಾಗ ತವರಿಂದ ತಂದದ್ದು, ಅವಳ ಬೆರಳು ಆಡಿ ಆಡಿಯೇ ಗುಳಿಗಳೆಲ್ಲ ನುಣುಪಾಗಿದ್ದವು. ಅವ್ವ ತೀರಿಕೊಂಡು ಆಗ ಎರಡು ವರ್ಷವಾಗಿತ್ತಷ್ಟೆ.

ಹಿಂದೆಯೇ ಬಂದ ಅಕ್ಕ ಅದು ಉರಿಯುವುದನ್ನು ನೋಡುತ್ತ ನಿಂತಳು. ಸೀರೆ ಗಂಟು ಕಟ್ಟಿಕೊಂಡು ಹೊರಗೆ ಬಂದು, “ಈ ಮನೆಗೆ ಮಣೆ ತಿರುಗಿ ಬರೋಗಂಟ ನಾನೂ ಬರಲ್ಲ,” ಎಂದು ಗಾಡಿ ಹತ್ತಿದಳು.

ಮರುವರ್ಷ ಪಂಚಮಿಗೆ ತಿಪ್ಪೇರುದ್ರಪ್ಪ ಆಳಿನ ಕೈಲಿ ಗಾಡಿ ಕಳಿಸಿದ, ಅದು ಖಾಲಿ ಬಂತು. ಅದರ ಮುಂದಿನ ವರ್ಷ ಏಕಾಂತಮ್ಮನನ್ನು ಕಳಿಸಿದ. ಅವಳು ನಾದಿನಿಯ ಮನೆಯಲ್ಲಿ ನಾಲ್ಕು ದಿನ ಹೋಳಿಗೆ ಉಂಡು, ಮೈ ತುಂಬಿಕೊಂಡು ಒಬ್ಬಳೇ ಹಿಂತಿರುಗಿದಳು. ಮೂರನೆಯ ವರ್ಷ ಯಾರನ್ನೂ ಕಳಿಸಲಿಲ್ಲ. ಹಬ್ಬದ ದಿನ ಊರ ಹೆಣ್ಣುಮಕ್ಕಳೆಲ್ಲ ಜೋಕಾಲಿ ಆಡುತ್ತಿದ್ದರೆ ಇವನು ಹೊಲಕ್ಕೆ ಹೋಗಿ ಸುಮ್ಮನೆ ಬದುವಿನ ಮೇಲೆ ಕೂತಿದ್ದ. ಅವ್ವ ಹೋದ ಮೇಲೆ ಅವನನ್ನು ಲೇ ಎಂದು ಕರೆದು ಬೈಯುವವಳೆಂದರೆ ಅಕ್ಕ ಒಬ್ಬಳೇ. ಅವಳಿಲ್ಲದ ಹಬ್ಬ ಅವನಿಗೆ ಬೇಕಾಗಿರಲಿಲ್ಲ.

ಯುಗಾದಿ ಕಳೆದ ಮೇಲೆ ಬಡಗಿ ಮೌನಾಚಾರಿಯ ಹತ್ತಿರ ಹೋಗಿ ಉಳಿ, ಕೊಡತಿ ಕೇಳಿದ.

“ನಾನೇ ಮಾಡಿಕೊಡ್ತೀನಿ ಬಿಡ್ರಿ ರುದ್ರಪ್ನೋರೆ, ಎರಡು ದಿನದ ಕೆಲಸ,” ಎಂದ ಮೌನಾಚಾರಿ.

“ಸುಟ್ಟೋನು ನಾನು. ನೀನು ಮಾಡಿದ್ರೆ ಏನು ಬಂತಪ್ಪ.”

ಮೌನಾಚಾರಿ ಉಳಿ ಹಿಡಿಯುವುದನ್ನು ಹೇಳಿಕೊಟ್ಟ. ಹಿತ್ತಲಲ್ಲಿ ಎರಡು ವರ್ಷದಿಂದ ಒಣಗಿ ಬಿದ್ದಿದ್ದ ಬೇವಿನ ಕೊರಡನ್ನು ಹಲಗೆಯಾಗಿ ಕೊಯ್ದೂ ಕೊಟ್ಟ. ಅಲ್ಲಿಂದಾಚೆಗೆ ದನದ ಹಟ್ಟಿಯ ಮೂಲೆಯಲ್ಲಿ ದಿನವೂ ಟಕಟಕ ಸದ್ದು. ಎಮ್ಮೆ ಹಾಲು ಇಳಿಸುತ್ತಿಲ್ಲ ಎಂದು ಏಕಾಂತಮ್ಮ ದೂರಿದರೂ ಅವನು ಜಾಗ ಬಿಡಲಿಲ್ಲ. ಉಳಿ ಜಾರಿ ಎಡಗೈ ಹೆಬ್ಬೆರಳು ಊದಿಕೊಂಡಿತು. ಅದಕ್ಕೆ ಅರಿಶಿನ ಮೆತ್ತಿಕೊಂಡು ಮತ್ತೆ ಕೂತ.

ತಿಂಗಳು ಕಳೆದ ಮೇಲೆ ಒಂದು ಸಾಲು ಮುಗಿದಿದೆ ಎಂದು ಹೆಂಡತಿಯನ್ನು ಕರೆದು ತೋರಿಸಿದ. ಅವಳು ಬೆರಳಿಟ್ಟು ಎಣಿಸಿದಳು.

“ಏನ್ರಿ, ಇದರಾಗೆ ಎಂಟು ಅವೆ.”

ಅವನೂ ಎಣಿಸಿದ. ಎಂಟೇ. ಮೋಸ ಮಾಡುವಾಗ ಒಂದು ಬೀಜವೂ ತಪ್ಪದಂತೆ ಲೆಕ್ಕ ಹಾಕುತ್ತಿದ್ದ ಮನುಷ್ಯ ಪ್ರಾಮಾಣಿಕವಾಗಿ ಏಳು ಎಣಿಸಲು ಹೋಗಿ ಎಡವಿದ್ದ. ಏಕಾಂತಮ್ಮ ಆ ಹಲಗೆಯನ್ನು ಒಳಗೆ ಒಯ್ದು ಗುಳಿಗಳಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ ತುಂಬಿದಳು. ಅದರಷ್ಟು ಅನುಕೂಲದ ವಸ್ತು ತನ್ನ ಗಂಡ ಇನ್ನೊಂದು ಮಾಡಿರಲಿಲ್ಲ ಎಂದು ಆಮೇಲೆ ಬಂದವರಿಗೆಲ್ಲ ಹೇಳುತ್ತಿದ್ದಳಂತೆ.

ಎರಡನೆಯ ಹಲಗೆಗೆ ಮೊದಲೇ ಇದ್ದಿಲಿನಿಂದ ಗುರುತು ಹಾಕಿಕೊಂಡ. ಗೋಡೆಗೆ ಬೆನ್ನು ಕೊಟ್ಟು, ಹಲಗೆಯನ್ನು ಮುಂದಿಟ್ಟುಕೊಂಡು, ಮಳೆ ಬೀಳುವವರೆಗೂ ಕೆತ್ತಿದ. ಹೊಂಗೆ ಎಣ್ಣೆ ತಿಕ್ಕಿದ ಮೇಲೆ ಮಣೆಗೆ ಒಳ್ಳೆಯ ಬಣ್ಣ ಬಂತು. ಪಂಚಮಿಗೆ ನಾಲ್ಕು ದಿನ ಇರುವಾಗ ಅದನ್ನು ಹೊಸ ಪಂಚೆಯಲ್ಲಿ ಸುತ್ತಿ ಗಾಡಿಗೆ ಹಾಕಿಕೊಂಡು, ಹಿರಿಯೂರು ದಾಟಿ, ದುರ್ಗದ ಮಠದಲ್ಲಿ ಒಂದು ರಾತ್ರಿ ಮಲಗಿ, ಮರುದಿನ ಇಳಿಹೊತ್ತಿಗೆ ಹೊಳಲ್ಕೆರೆ ಸೇರಿದ. ದಾರಿಯುದ್ದಕ್ಕೂ ಅಕ್ಕನಿಗೆ ಏನು ಹೇಳಬೇಕೆಂದು ಎತ್ತುಗಳ ಮುಂದೆ ಹೇಳಿ ಹೇಳಿ ನೋಡಿದ್ದ.

ಅಕ್ಕ ಜಗಲಿಯಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದಳು. ಭಾವ ನಾಗರಾಜಪ್ಪ, “ಬಾರಪ್ಪ, ಕುಂತ್ಕ,” ಎಂದ. ಅಕ್ಕ ಮೊರದಿಂದ ತಲೆ ಎತ್ತಲಿಲ್ಲ. ತಿಪ್ಪೇರುದ್ರಪ್ಪ ಮಾತೆಲ್ಲ ಮರೆತು, ಪಂಚೆ ಬಿಚ್ಚಿ ಮಣೆಯನ್ನು ಅವಳ ಮುಂದಿಟ್ಟು, ತಾನು ಈಚೆ ಕಡೆ ಕೂತ.

ಅಕ್ಕ ಮೊದಲು ಗುಳಿ ಎಣಿಸಿದಳು. ಹದಿನಾಲ್ಕು. ಆಮೇಲೆ ಹೆಬ್ಬೆರಳನ್ನು ಒಂದೊಂದರಲ್ಲೂ ಇಳಿಸುತ್ತ ಬಂದಳು. ತನ್ನ ಕಡೆಯ ಸಾಲು ಮುಗಿಸಿ ಅವನ ಕಡೆಯ ಸಾಲಿಗೆ ಬಂದಾಗ ಕೈ ನಿಂತಿತು.

“ಲೇ ತಿಪ್ಪ, ಇದ್ಯಾಕೆ ನಿನ್ನ ಕಡೆ ಬಾವಿ ಆಗೈತೆ, ನನ್ನ ಕಡೆ ತಟ್ಟೆ ಆಗೈತೆ? ನಿನ್ನ ಬೀಜ ನನಗೆ ಕಾಣ್ಬಾರ್ದು, ನನ್ನವು ನಿನಗೆ ಕಾಣ್ಬೇಕು ಅಂತನಾ? ಕೈಯಾಗೆ ಮಾಡಿದ್ದು ಸಾಲದು ಅಂತ ಮರದಾಗೂ ಮೋಸ ಕೆತ್ತಿಯೇನೋ.”

ತಿಪ್ಪೇರುದ್ರಪ್ಪ ಬಗ್ಗಿ ನೋಡಿದ. ಎರಡು ತಿಂಗಳು ಅದೇ ಹಲಗೆಯ ಮುಂದೆ ಕೂತಿದ್ದವನಿಗೆ ಅದು ಕಂಡದ್ದು ಆಗಲೇ. ಹತ್ತಿರದ ಸಾಲಿನ ಮೇಲೆ ಕೊಡತಿಯ ಪೆಟ್ಟು ಸರಿಯಾಗಿ ಬಿದ್ದಿತ್ತು. ಆಚೆ ಸಾಲಿಗೆ ಬಗ್ಗಲು ಅವನ ಹೊಟ್ಟೆ ಬಿಟ್ಟಿರಲಿಲ್ಲ. ಮುಖ ಕೆಂಪಗಾಯಿತು. ಭಾವ ಮೆಲ್ಲಗೆ ಮಣೆಯನ್ನು ತನ್ನ ಕಡೆ ಎಳೆದುಕೊಂಡ. ಇದನ್ನೂ ಎಲ್ಲಿ ಒಲೆಗೆ ಹಾಕುತ್ತಾನೋ ಎಂದು ಅವನಿಗೆ ಭಯ.

“ಇದು ಮೋಸ ಅಲ್ಲಕ್ಕ, ಹೊಟ್ಟೆ,” ಎಂದ ತಿಪ್ಪೇರುದ್ರಪ್ಪ. “ಬಗ್ಗೋಕಾಗ್ಲಿಲ್ಲ. ಮಣೆ ತಿರುಗಿಸ್ಕಂಡು ಕೆತ್ತಬೇಕು ಅಂತ ಹೊಳೀಲಿಲ್ಲ.”

ಭಾವನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ.

“ಅವತ್ತಿಂದು ಮೋಸ,” ಎಂದ ಅವನು. “ಬೆವರಿಗೆ ಅಂಟಿರ್ಲಿಲ್ಲ, ನಾನೇ ಇಟ್ಕಂಡಿದ್ದೆ. ಆಮೇಲೆ ಮಣೆ ಹತ್ಕಂಡು ಉರಿಯೋವಾಗ, ಕೈ ಹಾಕಿ ಎಳ್ಕಳಾಣ ಅನ್ನಿಸ್ತು. ನೀನು ನೋಡ್ತಾ ನಿಂತಿದ್ದೆ. ಅದಕ್ಕೆ ಎಳ್ಕಳ್ಲಿಲ್ಲ. ಅವ್ವಂದು ಅದೊಂದೇ ಉಳಿದಿತ್ತು, ಅದನ್ನೂ ಸುಟ್ಟೆ.”

ಇಷ್ಟು ಹೇಳಿ ಭಾವನ ಕೈಯಿಂದ ಮಣೆ ತೆಗೆದುಕೊಂಡು, ತಿರುಗಿಸಿ, ಆಳದ ಸಾಲು ಅಕ್ಕನ ಕಡೆ ಬರುವಂತೆ ಇಟ್ಟ.

“ಆ ಕಡೆ ನಿಂದು. ನನ್ನ ಬೀಜೆಲ್ಲ ನಿನಗೆ ಕಾಣ್ಲಿ.”

ಅಕ್ಕ ಕಡಲೆಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಒಳಗೆ ಹೋಗಿ ಒಂದು ಬೊಗಸೆ ಹುಣಸೆ ಬೀಜ ತಂದು, ಗುಳಿಗೆ ಐದರಂತೆ ತುಂಬಿದಳು. ಜಗಲಿಯ ಮೇಲೆ ಒಂದೇ ಒಂದು ಆಟ ನಡೆಯಿತು. ತಿಪ್ಪೇರುದ್ರಪ್ಪ ಪ್ರತಿ ಬೀಜವನ್ನೂ ಬೆರಳ ತುದಿಯಲ್ಲಿ ಎತ್ತಿ ತೋರಿಸಿ ಗುಳಿಗೆ ಹಾಕಿದ. ನೆಟ್ಟಗೆ ಸೋತ.

“ಎತ್ತು ಬಿಚ್ಚಿ ನೀರು ತೋರಿಸ್ರಿ,” ಎಂದಳು ಅಕ್ಕ ಗಂಡನಿಗೆ. “ನಾಳೆ ಹೊತ್ತಾರೆ ತಿಪ್ಪನ ಜೊತೆ ಊರಿಗೆ ಹೋಗ್ತೀನಿ.”

ತಿಪ್ಪೇರುದ್ರಪ್ಪ ಜಗಲಿಯ ಕಂಬಕ್ಕೆ ಒರಗಿ, ಮಕ್ಕಳಂತೆ ಅತ್ತುಬಿಟ್ಟ. ಅಕ್ಕ ಅವನ ಬೆನ್ನು ಸವರಿದಳು. ಆಮೇಲೆ ಬೀಜಗಳನ್ನೆಲ್ಲ ಬಾಚಿ, ಎರಡು ಸಲ ಎಣಿಸಿ, ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಷ್ಟೆಲ್ಲ ಆದ ಮೇಲೂ ಅವನ್ನು ಅವನ ಕೈಗೆ ಕೊಡಲಿಲ್ಲ.