ಸದ್ಯಕ್ಕೆ ಫ್ಯಾಮಿಲಿಯವರು ಮಾತ್ರ

ದೋಹಾಕ್ಕೆ ಬಂದ ಹೊಸತರಲ್ಲಿ ನನ್ನನ್ನು ಗೊಂದಲಕ್ಕೆ ಕೆಡವಿದ ಪದ ‘ಬ್ಯಾಚುಲರ್’. ಊರಿನಲ್ಲಿ ಮೂವರು ಮಕ್ಕಳಿರುವ, ಹೆಂಡತಿಯೊಂದಿಗೆ ದಿನಾ ಫೋನಿನಲ್ಲೇ ಜಗಳ ಮಾಡಿ ಫೋನಿನಲ್ಲೇ ರಾಜಿಯಾಗುವ, ಅರ್ಧ ತಲೆ ನರೆತ ಗಂಡಸೂ ಇಲ್ಲಿ ಬ್ಯಾಚುಲರ್. ಸಂಸಾರವನ್ನು ಇಲ್ಲಿಗೆ ಕರೆಸಿಕೊಳ್ಳಲು ಸಾಧ್ಯವಾದವರು ಫ್ಯಾಮಿಲಿ, ಉಳಿದವರೆಲ್ಲ ಬ್ಯಾಚುಲರ್. ಬಾಡಿಗೆ ಮನೆಯ ಜಾಹೀರಾತಿನಲ್ಲೂ ಅದೇ, ಕಟ್ಟಡದ ಗೇಟಿನಲ್ಲೂ ಅದೇ. ಮೊದಮೊದಲು ನನಗೆ ನಗು ಬರುತ್ತಿತ್ತು. ಒಂದೆರಡು ವರ್ಷ ಕಳೆದ ಮೇಲೆ ನಾನೂ ಹಾಗೆಯೇ ಮಾತಾಡತೊಡಗಿದೆ.

ನಮ್ಮ ಟೈಲರಣ್ಣ ಅಂಥ ಬ್ಯಾಚುಲರ್. ನಜ್ಮಾ ಎಂಬ ಹಳೆಯ ಪೇಟೆಯ ಒಂದು ಪುಟ್ಟ ಹೊಲಿಗೆ ಅಂಗಡಿಯಲ್ಲಿ ಕೆಲಸ, ಹಿಂದಿನ ಗಲ್ಲಿಯ ಕೋಣೆಯಲ್ಲಿ ಇನ್ನೂ ಐದು ಜನರ ಜೊತೆ ವಾಸ. ವಯಸ್ಸು ಐವತ್ತು ದಾಟಿತ್ತು. ಅವರ ಮನೆಮಾತು ಕೊಂಕಣಿ, ನಮ್ಮದು ತುಳು. ಹಾಗಾಗಿ ನಮ್ಮ ನಡುವಿನ ಮಾತೆಲ್ಲ ಕನ್ನಡದಲ್ಲಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಾದರೂ ನನ್ನನ್ನು ‘ಅಕ್ಕ’ ಎನ್ನುತ್ತಿದ್ದರು. ನಮ್ಮ ಕಡೆ ಅನ್ನ ಬಡಿಸುವ ಹೆಂಗಸರೆಲ್ಲ ಅಕ್ಕಂದಿರೇ.

ಅಲ್ ಹಿಲಾಲ್ ಬಡಾವಣೆಯ ನಮ್ಮ ಮನೆಯಲ್ಲಿ ಪ್ರತಿ ಶುಕ್ರವಾರ ಮಧ್ಯಾಹ್ನ ಗಂಜಿ ಊಟ. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಹತ್ತು ಹನ್ನೆರಡು ಜನ ಸೇರುತ್ತಿದ್ದರು, ಅದಕ್ಕೊಂದು ವಾಟ್ಸಾಪ್ ಗ್ರೂಪೂ ಇತ್ತು. ಎಲ್ಲರಿಗಿಂತ ಮೊದಲು ಬರುವವರು ಟೈಲರಣ್ಣ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುವುದು, ತಿಂದ ಬಟ್ಟಲನ್ನು ತಾವೇ ತೊಳೆದಿಡುವುದು. “ವಾರ ಇಡೀ ಬೇರೆಯವರ ಅಳತೆ ತೆಗೆಯುದೇ ಆಯ್ತು ಅಕ್ಕ. ನನ್ನ ಹೊಟ್ಟೆಯ ಅಳತೆ ಗೊತ್ತಿರುದು ನಿಮಗೆ ಮಾತ್ರ,” ಎಂದು ನಗುತ್ತಿದ್ದರು. ಇಷ್ಟು ದೊಡ್ಡ ಶಹರದಲ್ಲಿ ಅವರು ಚಪ್ಪಲಿ ಕಳಚಿ ಒಳಗೆ ಹೋಗುವ ಮನೆ ನಮ್ಮದೊಂದೇ. ಅದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಕೊರೋನಾ ಬಂತು. ಅಂಗಡಿ, ಶಾಲೆ, ಪಾರ್ಕು ಎಲ್ಲ ಮುಚ್ಚಿದವು, ಗಂಜಿ ಊಟವೂ ನಿಂತಿತು. ಒಂದೆರಡು ತಿಂಗಳಿಗೆಂದು ಊರಿನಿಂದ ಬಂದಿದ್ದ ಅತ್ತೆ ವಿಮಾನ ನಿಂತು ನಮ್ಮಲ್ಲೇ ಸಿಕ್ಕಿಕೊಂಡರು. ಅವರಿಗೆ ಉಬ್ಬಸ. ಅವರು ಕೆಮ್ಮಿದರೆ ನಾನು ಥರ್ಮಾಮೀಟರ್ ಹುಡುಕುತ್ತಿದ್ದೆ. ಇವರು, ಅಂದರೆ ನನ್ನ ಗಂಡ, ಹಾಲು ತಂದರೆ ಪ್ಯಾಕೆಟ್ಟನ್ನು ಸೋಪಿನಲ್ಲಿ ತೊಳೆಯುತ್ತಿದ್ದೆ. ಈಗ ಹೇಳಿದರೆ ನಗು, ಆಗ ನಗುವ ಪರಿಸ್ಥಿತಿ ಇರಲಿಲ್ಲ.

ಆ ದಿನಗಳಲ್ಲಿ ಟೈಲರಣ್ಣ ಅಂಗಡಿಯಲ್ಲಿ ಉಳಿದಿದ್ದ ತುಂಡು ಬಟ್ಟೆಗಳಿಂದ ಗ್ರೂಪಿನ ಎಲ್ಲರಿಗೂ ಮಾಸ್ಕ್ ಹೊಲಿದು, ಒಬ್ಬೊಬ್ಬರ ಕಟ್ಟಡದ ಕೆಳಗೆ ವಾಚ್‌ಮ್ಯಾನ್ ಕೈಯಲ್ಲಿ ಕೊಟ್ಟು ಹೋದರು. ಅತ್ತೆಗೆ ಉಸಿರು ಕಟ್ಟಬಾರದೆಂದು ತೆಳು ಹತ್ತಿಯದು, ನನ್ನ ಮಗಳಿಗೆ ಹೂವಿನದು. ಇವರದ್ದು ಯಾರದೋ ಅಂಗಿಯ ಪಟ್ಟೆ ಬಟ್ಟೆ. ಅವರು ಯಾರ ಮುಖಕ್ಕೂ ಟೇಪು ಹಿಡಿದಿರಲಿಲ್ಲ, ಆದರೂ ಎಲ್ಲರಿಗೂ ಸರಿಯಾಗಿ ಕೂತಿತು.

ಬೇಸಿಗೆಯ ನಡುವೆ ಒಂದೊಂದಾಗಿ ತೆರೆಯುವ ಸುದ್ದಿ ಬಂತು. ಇಂಥ ದಿನ ಪಾರ್ಕು, ಇಂಥ ದಿನ ಅಂಗಡಿ, ಮನೆಯೊಳಗೆ ಸೇರಬಹುದಾದವರು ಬೆರಳೆಣಿಕೆಯಷ್ಟು. ಆಗ ಶುರುವಾಯಿತು ನೋಡಿ ಚರ್ಚೆ! ಇವರ ಆಫೀಸಿನಲ್ಲಿ, ಪತ್ರಿಕೆಯಲ್ಲಿ, ಮಕ್ಕಳ ಶಾಲೆಯ ಗ್ರೂಪಿನಲ್ಲಿ, ಎಲ್ಲಾ ಕಡೆ ಅದೇ. ಇಷ್ಟು ಬೇಗ ತೆರೆಯುವುದು ಹುಚ್ಚು ಎನ್ನುವವರು, ಇನ್ನೂ ಮುಚ್ಚಿಟ್ಟರೆ ತಲೆ ಕೆಡುತ್ತದೆ ಎನ್ನುವವರು. ಜಗಳ ತೆರೆಯುವ ಬಗ್ಗೆ ಎಂದೇ ನಾನೂ ಅಂದುಕೊಂಡಿದ್ದೆ. ಯಾರಿಗೆ ಮೊದಲು ತೆರೆಯುವುದು ಎನ್ನುವುದೇ ನಿಜವಾದ ಜಗಳ ಎಂದು ನಮ್ಮ ಗಂಜಿ ಗ್ರೂಪಿನಲ್ಲಿ ಗೊತ್ತಾಯಿತು.

ದೊಡ್ಡ ದೊಡ್ಡ ಆಫೀಸುಗಳ ವೆಸ್ಟ್ ಬೇಯಲ್ಲಿ ಮ್ಯಾನೇಜರ್ ಆಗಿದ್ದ ಒಬ್ಬರು ವಾಯ್ಸ್ ಮೆಸೇಜ್ ಹಾಕಿದರು. “ನೋಡಿ, ನಜ್ಮಾದಲ್ಲೆಲ್ಲ ಒಂದೊಂದು ರೂಮಲ್ಲಿ ಆರಾರು ಜನ ಇರುದು. ಯಾರಿಗೆ ಉಂಟು ಯಾರಿಗೆ ಇಲ್ಲ ಅಂತ ಹೇಗೆ ಗೊತ್ತಾಗುದು? ನಾನು ಯಾರನ್ನೂ ಕಡಿಮೆ ಮಾಡಿ ಹೇಳುದಲ್ಲ. ಸೇಫ್ಟಿಗೆ ಹೇಳುದು.”

ನಾನು ಹಿಂದೆ ಮುಂದೆ ನೋಡಲಿಲ್ಲ. ಮನೆ ನನ್ನದು, ಗಂಜಿ ನನ್ನದು, ಉಬ್ಬಸದ ಅತ್ತೆಯೂ ನನ್ನವರೇ. ಟೈಪ್ ಮಾಡಿದೆ: “ಈ ಶುಕ್ರವಾರದಿಂದ ಗಂಜಿ ಶುರು. ಸದ್ಯಕ್ಕೆ ಫ್ಯಾಮಿಲಿಯವರು ಮಾತ್ರ. ಬ್ಯಾಚುಲರ್ಸ್ ಆಮೇಲೆ.” ಆ ಗ್ರೂಪಿನಲ್ಲಿದ್ದ ಬ್ಯಾಚುಲರ್ ಒಬ್ಬರೇ. ಅವರ ಹೆಸರು ಬರೆಯಲು ಧೈರ್ಯವಿಲ್ಲದೆ ಬಹುವಚನ ಹಾಕಿದ್ದೆ.

 ಮೊದಲ ಉತ್ತರ ಟೈಲರಣ್ಣನದ್ದೇ ಬಂತು: “ಓಕೆ ಅಕ್ಕ. ಅಮ್ಮನನ್ನು ಜಾಗ್ರತೆ ನೋಡ್ಕೊಳ್ಳಿ.” ಕೆಳಗೆ ಕೈಮುಗಿದ ಚಿತ್ರ.

ಇವರು ಮೊಬೈಲಿನಿಂದ ತಲೆಯೆತ್ತಿದರು. “ಎಂತ ಮಾರಾಯ್ತಿ ಇದು? ನಾನು ದಿನಾ ಆಫೀಸಿಗೆ ಹೋಗ್ತೇನೆ, ಆ ಮ್ಯಾನೇಜರೂ ಹೋಗ್ತಾರೆ. ಲಿಫ್ಟಲ್ಲಿ ಯಾರ‍್ಯಾರು ಇರ್ತಾರೆ ಅಂತ ನಮಗೆ ಗೊತ್ತುಂಟಾ? ಮೊದಲು ನನ್ನನ್ನೇ ಹೊರಗೆ ಹಾಕು.”

“ಹಾಕ್ಬಹುದಿತ್ತು. ಗ್ಯಾಸ್ ಸಿಲಿಂಡರ್ ಯಾರು ಎತ್ತುದು?” ಎಂದೆ. ಅವರು ನಗಲಿಲ್ಲ. ಅವರು ಹೇಳಿದ್ದು ಸರಿ ಎಂದು ಗೊತ್ತಿದ್ದುದರಿಂದಲೇ ನನಗೆ ಸಿಟ್ಟು ನೆತ್ತಿಗೇರಿತು. “ನಿಮ್ಮ ಅಮ್ಮನಿಗೆ ಏನಾದ್ರೂ ಆದ್ರೆ ನನ್ನನ್ನು ಕೇಳ್ಬೇಡಿ,” ಎಂದು ಬಾಯಿ ಮುಚ್ಚಿಸಿದೆ.

ಶುಕ್ರವಾರ ಬಂದವರು ಮ್ಯಾನೇಜರ್ ಗಂಡ ಹೆಂಡತಿ ಮಾತ್ರ, ಉಳಿದ ಫ್ಯಾಮಿಲಿಯವರು ಇನ್ನೂ ಹೆದರಿ ಮನೆಯಲ್ಲೇ ಉಳಿದರು. ಬಾಗಿಲಲ್ಲಿ ತಮ್ಮ ಮೊಬೈಲಿನ ಕೊರೋನಾ ಆ್ಯಪಿನಲ್ಲಿ ಸೋಂಕಿಲ್ಲವೆನ್ನುವ ಹಸಿರು ಬಣ್ಣ ತೋರಿಸಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ದೂರ ದೂರ ಕೂತರು. ಇಬ್ಬರ ಮುಖದ ಮೇಲೂ ಟೈಲರಣ್ಣ ಹೊಲಿದ ಮಾಸ್ಕ್. ನಮ್ಮ ಮುಖದ ಮೇಲೂ ಅದೇ. ನಾನು ಅದನ್ನು ಗಮನಿಸಿದೆ, ಗಂಜಿ ಬಡಿಸಲು ಎದ್ದೆ. ಅಡುಗೆಮನೆಯ ಬಾಗಿಲ ಪಕ್ಕದ ಜಾಗ ಖಾಲಿ ಇತ್ತು. “ಟೈಲರ್ ಬರ್ಲಿಲ್ವಾ?” ಎಂದು ಅತ್ತೆಯೇ ಕೇಳಿದರು. ಯಾರ ನೆಪ ಹೇಳಿ ನಾನು ಅವರನ್ನು ಬೇಡವೆಂದೆನೋ, ಆ ಅತ್ತೆಯೇ!

ನನ್ನ ಮಗಳಿಗೆ ಆಗ ಎಂಟು ವರ್ಷ. “ಅಮ್ಮಾ, ಬ್ಯಾಚುಲರ್ ಅಂದ್ರೆ ನಾಟ್ ಮ್ಯಾರೀಡ್ ಅಲ್ವಾ? ಟೈಲರ್ ಮಾವನಿಗೆ ವೈಫ್ ಉಂಟಲ್ಲ?” ಎಂದಳು. “ಸುಮ್ನೆ ಊಟ ಮಾಡು,” ಎಂದು ಗದರಿದೆ.

ಅಷ್ಟರಲ್ಲಿ ಬೆಲ್ ಆಯಿತು. ವಾಚ್‌ಮ್ಯಾನ್ ಬಾಗಿಲಲ್ಲಿ ಒಂದು ಚೀಲ ಇಟ್ಟು, ಟೈಲರ್ ಕೊಟ್ಟು ಹೋದರೆಂದು ಹೇಳಿ ಇಳಿದು ಹೋದ. ಒಳಗೆ ನಜ್ಮಾದ ಸಿಹಿ ಅಂಗಡಿಯ ಡಬ್ಬಿ, ಹಾಲಿನ ಪೇಡ. ನಾನು ಕಿಟಕಿಯಿಂದ ನೋಡಿದೆ. ಬೆಂಕಿಯಂಥ ಬಿಸಿಲಿನಲ್ಲಿ ಟೈಲರಣ್ಣ ನಜ್ಮಾದ ಕಡೆ ನಡೆಯುತ್ತಿದ್ದರು. ಶುಕ್ರವಾರ ಇಸ್ತ್ರಿ ಮಾಡಿ ಹಾಕಿಕೊಳ್ಳುವ ಬಿಳಿ ಅಂಗಿಯನ್ನೇ ಹಾಕಿದ್ದರು. ಕೂಗಿ ಕರೆಯಬಹುದಿತ್ತು. ಒಬ್ಬರಿಗೆ ಜಾಗವೂ ಇತ್ತು, ಗಂಜಿಯೂ ಇತ್ತು. ನಾನು ಪರದೆ ಎಳೆದೆ.

“ಹೊರಗಿಂದ ಬಂದದ್ದು, ಮೂರು ದಿನ ಮುಟ್ಬೇಡಿ,” ಎಂದರು ಮ್ಯಾನೇಜರರ ಹೆಂಡತಿ. ಮೂರು ದಿನ ಇಟ್ಟರೆ ವೈರಸ್ ಸಾಯುತ್ತದೆಂಬ ಫಾರ್ವರ್ಡ್ ಎಲ್ಲರಿಗೂ ಬಂದಿತ್ತು. ಡಬ್ಬಿಯನ್ನು ಬಾಲ್ಕನಿಯಲ್ಲಿಟ್ಟೆ. ದೋಹಾದ ಬೇಸಿಗೆಯಲ್ಲಿ ಹಾಲಿನ ಪೇಡವನ್ನು ಮೂರು ದಿನ ಬಾಲ್ಕನಿಯಲ್ಲಿಟ್ಟ ಬುದ್ಧಿವಂತೆ ನಾನು. ತೆಗೆದು ನೋಡಿದರೆ ಹುಳಿ ವಾಸನೆ, ಮೇಲೆಲ್ಲ ಇರುವೆ. ಚೀಲಕ್ಕೆ ಕಟ್ಟಿ ಕೆಳಗಿನ ಕಸದ ಡಬ್ಬಕ್ಕೆ ಹಾಕಿ ಬಂದೆ.

ಆ ಶುಕ್ರವಾರ ಸಂಜೆಯೇ ಫೋನ್ ಮಾಡಿ, “ಎಂತಕ್ಕೆ ಟೈಲರಣ್ಣ, ಸಿಹಿ ಎಲ್ಲ?” ಎಂದು ಕೇಳಿದ್ದೆ.

“ಸುಮ್ನೆ ಅಕ್ಕ,” ಎಂದಿದ್ದರು.

ಗಂಜಿಗೆ ಕರೆಯಲಿ ಎಂದು ಕೊಟ್ಟಿದ್ದಾರೆ ಎಂದೇ ನಾನು ತಿಳಿದೆ. ಛೆ, ಆ ಯೋಚನೆಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮತ್ತಷ್ಟು ತೆರೆದ ಮೇಲೆ ಗ್ರೂಪಿನಲ್ಲಿ “ಇನ್ನು ಎಲ್ಲರೂ ಬನ್ನಿ” ಎಂದು ಹಾಕಿದೆ. ಎಲ್ಲರೂ ಬಂದರು, ಟೈಲರಣ್ಣ ಬರಲಿಲ್ಲ. ಫೋನ್ ಮಾಡಿದರೆ, “ಮುಂದಿನ ವಾರ ಬರ್ತೇನೆ ಅಕ್ಕ, ಅರ್ಜೆಂಟ್ ಕೆಲಸ ಉಂಟು.” ಮುಂದಿನ ವಾರವೂ ಅದೇ ಮಾತು. ಇಷ್ಟು ಕರೆದರೂ ಬರುವುದಿಲ್ಲವೆಂದರೆ ಎಂಥ ಬಿಗುಮಾನ ಎಂದು ನಾನೇ ಅವರ ಮೇಲೆ ರೇಗಿದೆ. ಅಷ್ಟರಲ್ಲಿ ವಿಮಾನ ಶುರುವಾಗಿ ಅತ್ತೆ ಊರು ಸೇರಿದರು. ಹೋಗುವಾಗ, “ಆ ಟೈಲರಿಗೆ ಹೇಳು, ಮಾಸ್ಕ್ ಒಳ್ಳೇದಿತ್ತು ಅಂತ,” ಎಂದರು.

ಚಳಿಗಾಲದಲ್ಲಿ, ಅತ್ತೆಯ ಮಾತನ್ನೇ ನೆಪ ಮಾಡಿಕೊಂಡು, ರವಿಕೆ ಬಟ್ಟೆ ಹಿಡಿದು ನಜ್ಮಾಕ್ಕೆ ಹೋದೆ. ಟೈಲರಣ್ಣ ಎದ್ದು ಸ್ಟೂಲ್ ಒರೆಸಿ ಕೊಟ್ಟರು. ಬೈಯಲೆಂದು ಬಾಯಿ ತೆರೆದವಳಿಗೆ ಹೊಲಿಗೆ ಮಷಿನ್ನಿನ ಪಕ್ಕದ ಗೋಡೆಯಲ್ಲಿ ಅಂಟಿಸಿದ್ದ ಫೋಟೋ ಕಾಣಿಸಿತು. ದಿಂಬಿಗೆ ಒರಗಿಸಿ ಕೂರಿಸಿದ ಮಗು, ಕೆನ್ನೆಯ ಮೇಲೆ ದೃಷ್ಟಿಬೊಟ್ಟು.

“ಇದು ಯಾರು?”

“ಮೊಮ್ಮಗಳು ಅಕ್ಕ. ಬ್ಯಾಚುಲರಿಗೆ ಮೊಮ್ಮಗಳು!” ಎಂದು ನಕ್ಕರು. ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು. “ಆ ದಿನ ಪೇಡ ತಂದದ್ದು ಅದಕ್ಕೇ. ಹಿಂದಿನ ದಿನ ಹುಟ್ಟಿದ್ದು. ರೂಮಲ್ಲಿ ಹೇಳಿದೆ, ಆದ್ರೆ ಮನೆ ಅಂತ ಒಂದು ಕಡೆ ಹೇಳ್ಬೇಕಲ್ಲ.”

“ಫೋನಲ್ಲಿ ಕೇಳಿದಾಗ ಹೇಳ್ಬಹುದಿತ್ತಲ್ಲ?”

“ಬರ್ಲಿಕ್ಕೆ ದಾರಿ ಮಾಡ್ತಿದ್ದೇನೆ ಅಂತ ನಿಮಗೆ ಅನ್ನಿಸಿದ್ರೆ? ನಿಮ್ಮ ಮನೆಯಲ್ಲಿ ಅಮ್ಮ ಬೇರೆ ಇದ್ರು.” ಕೊರಳಿನ ಟೇಪನ್ನು ತೆಗೆದು ಮಡಚುತ್ತ ಮೆಲ್ಲಗೆ ಕೇಳಿದರು, “ಪೇಡ ಹೇಗಿತ್ತು ಅಕ್ಕ?”

 ಜೋರು ಬಾಯಿಯವಳೆಂದು ಹೆಸರಾದ ನಾನು ನಿಜ ಬಿಟ್ಟು, “ಒಳ್ಳೇದಿತ್ತು,” ಎಂದೆ.

“ನಿಮ್ಮ ಮಗಳು ತಿಂದ್ಲಾ?”

“ಎರಡು ತಿಂದ್ಲು.”

ಅವರ ಮುಖ ಅರಳಿತು. ನನಗೆ ಅಲ್ಲಿ ಕೂರಲಾಗಲಿಲ್ಲ. “ಈ ಶುಕ್ರವಾರ ಬರ್ಬೇಕು. ನಾನು ಮಾಡಿದ್ದು ತಪ್ಪು ಟೈಲರಣ್ಣ, ಹೆದರಿಕೆಯಲ್ಲಿ ಮಾಡಿದೆ,” ಎಂದೆ. 

“ಹೆದರಿಕೆ ಯಾರಿಗಿರ್ಲಿಲ್ಲ ಅಕ್ಕ? ನಾವು ಆರು ಜನ ಒಬ್ಬರಿಗೊಬ್ಬರು ಹೆದರಿಕೊಂಡು ಒಂದೇ ರೂಮಲ್ಲಿ ಇದ್ದದ್ದು,” ಎಂದರು. ಕೋಣೆ ಸಣ್ಣದೆಂಬುದು ನನ್ನ ಭಯಕ್ಕೆ ಕಾರಣವಾಗಿತ್ತು. ಆ ಕೋಣೆಯೊಳಗೂ ಒಂದು ಭಯವಿದ್ದೀತೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಶುಕ್ರವಾರ ಎಲ್ಲರಿಗಿಂತ ಮೊದಲು ಬೆಲ್ ಆಯಿತು. ಟೈಲರಣ್ಣ ಚಪ್ಪಲಿ ಕಳಚಿ ಒಳಗೆ ಬಂದು, ಅಡುಗೆಮನೆಯ ಬಾಗಿಲ ಪಕ್ಕ ತಮ್ಮ ಜಾಗದಲ್ಲಿ ಕೂತರು. ಕೈಯಲ್ಲಿ ಅದೇ ಅಂಗಡಿಯ ಅದೇ ಡಬ್ಬಿ. “ಬಾ ಮಗಾ, ನಿನಗೆ ಇಷ್ಟ ಅಂತ ಅಮ್ಮ ಹೇಳಿದ್ರು. ಹೋದ ಸಲ ಎರಡು ತಿಂದಿಯಂತೆ,” ಎಂದು ಮಗಳನ್ನು ಕರೆದರು.

ಮಗಳು ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದಳು. “ಅಮ್ಮಾ, ನಾನು ಯಾವಾಗ…” ಎಂದು ಬಾಯಿ ತೆರೆದಳು.

ನಾನು ಡಬ್ಬಿಯಿಂದ ಒಂದು ಪೇಡ ತೆಗೆದು, ತೆರೆದ ಆ ಬಾಯಿಯೊಳಗೆ ತುರುಕಿದೆ.